ನೇಕಾರ ಓಣಿಯ ಬಿಳಿ ಡಬ್ಬಿಗಳು

ಗಜೇಂದ್ರಗಡದ ನೇಕಾರ ಓಣಿಗೆ ಆ ಬಿಳಿ ಡಬ್ಬಿಗಳು ಬಂದದ್ದು ಹುಬ್ಬಳ್ಳಿಯ ಒಂದು ಹೋಟೆಲಿನಿಂದ. ಹೋಟೆಲ್ ಮಾಲೀಕರ ಮನೆಯಾಕೆ ಪ್ರತಿ ದೀಪಾವಳಿಗೆ ಈ ಓಣಿಯಲ್ಲೇ ಸೀರೆ ನೇಯಿಸಿಕೊಳ್ಳುವವರು. ಆ ವರ್ಷ ಅವರು ಬಣ್ಣ ನೋಡಲೆಂದು ವಿಡಿಯೊ ಕಾಲ್ ಮಾಡಿದಾಗ ಓಣಿಯ ಸೊಸೆ ಬನಶ್ರೀ, ಅಲ್ಲಿಯ ನೇಕಾರ ಸಂಘದ ಕಟ್ಟೆಯ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೆರಗು, ನೆತ್ತಿಯ ಮೇಲೆ ಬಿಸಿಲು. ಹಿಂದಿನಿಂದ ಒಂದು ಟಂಟಂ ಆಟೊ ಹಾರ್ನ್ ಹೊಡೆಯುತ್ತ ಹೋಯಿತು.

“ಮನಿಯೊಳಗ ಕುಂತು ತೋರಿಸಬಾರದೇನವಾ?” ಎಂದು ಅವರು ಕೇಳಿದರು.

“ಮನಿಯೊಳಗ ನೆಟ್ ಬರಂಗಿಲ್ರಿ ಬಾಯಾರ.”

ಅದು ಖರೆಯೇ. ಓಣಿಯ ಮನೆಗಳೆಲ್ಲ ದಪ್ಪ ಕಲ್ಲುಗೋಡೆಯವು, ಮೇಲೆ ಮಣ್ಣಿನ ಮಾಳಿಗೆ. ಮಗ್ಗ ಇರುವುದು ಒಳಕೋಣೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ. ಫೋನಿನ ಸಿಗ್ನಲ್ ಹೊಸ್ತಿಲು ದಾಟುವಷ್ಟರಲ್ಲಿ ಸತ್ತಿರುತ್ತಿತ್ತು. ಸಂಘದ ಆಫೀಸಿಗೆ ಇಂಟರ್ನೆಟ್ ಕೇಬಲ್ ಬಂದಿತ್ತು ನಿಜ. ಆದರೆ ಅದರ ವೈಫೈ ಕಟ್ಟೆಯ ಕೊನೆಯ ಮೆಟ್ಟಿಲಿಗೇ ನಿಲ್ಲುತ್ತಿತ್ತು. ಹಾಗಾಗಿ ಗಿರಾಕಿಗೆ ಸೀರೆ ತೋರಿಸಬೇಕೆಂದರೆ ಕಟ್ಟೆಗೇ ಬರಬೇಕು. ಅಲ್ಲಿ ಗಂಡಸರು ಚಹಾ ಕುಡಿಯುತ್ತ ಕೂತಿರುತ್ತಿದ್ದರು. ಅವರ ನಡುವೆ ನಿಂತು ಸೆರಗು ಬಿಡಿಸುವುದು ಮುಜುಗರವೆಂದು ಓಣಿಯ ಹೆಣ್ಣುಮಕ್ಕಳು ಆ ಕೆಲಸವನ್ನು ಬನಶ್ರೀಗೇ ಒಪ್ಪಿಸಿಬಿಟ್ಟಿದ್ದರು.

ಸ್ವಲ್ಪ ದಿನಕ್ಕೆ ಪಾರ್ಸೆಲ್ ಗಾಡಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಹೋಟೆಲಿಗೆ ಹೊಸ ವೈಫೈ ಹಾಕಿಸಿದ್ದರಂತೆ; ಹಳೆಯ ಎಂಟು ಡಬ್ಬಿಗಳನ್ನು ಸಂಘಕ್ಕೆ ಕಳಿಸಿಕೊಟ್ಟಿದ್ದರು. ಊಟದ ತಾಟಿಗಿಂತ ಚಿಕ್ಕವು, ಚಪ್ಪಟೆಯಾದವು, ಚಾವಣಿಗೆ ಕೂರಿಸುವಂಥವು. ಸಂಘದ ಅಧ್ಯಕ್ಷ ಅಜ್ಜಪ್ಪ ಅವನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿಟ್ಟರು.

“ಇವನ್ನ ಓಣಿ ತುಂಬ ಹಾಕಿದ್ರ ಮನಿಮನಿಗೂ ನೆಟ್ ಬರತೈತೇನವಾ?”

“ಬರಬೇಕ್ರಿ ಕಾಕಾ. ನೋಡ್ತೀನಿ.”

ಬನಶ್ರೀ ಗದಗಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಮದುವೆಯಾಗಿ ಈ ಮನೆಗೆ ಬಂದು ಹತ್ತು ವರ್ಷವಾಗಿತ್ತು. ಗಂಡ ಸುದೀಪ, ಮಾವ ಕಳಕಪ್ಪ ಇಬ್ಬರೂ ನೇಯುವವರು. ಒಳಕೋಣೆಯಲ್ಲಿ ಮೂರು ಮಗ್ಗಗಳಿದ್ದವು. ಮೂರನೆಯದು ಅತ್ತೆ ಸುಶೀಲವ್ವನದು. ಅದು ಎರಡು ವರ್ಷದಿಂದ ಖಾಲಿ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸುಶೀಲವ್ವನಿಗೆ ಮೊದಲಿನ ಹಾಗೆ ಎಳೆ ಕಾಣಿಸುತ್ತಿರಲಿಲ್ಲ. ಒಂದು ಮದುವೆ ಸೀರೆಯ ಸೆರಗಿನಲ್ಲಿ ಸಾಲು ತಪ್ಪಿತು. ಕಳಕಪ್ಪ ಅದನ್ನು ಬಿಚ್ಚಿ ನೇಯಲು ಕೂತವರು, ತಲೆ ಎತ್ತದೆ, “ಸಾಕ ಮಾಡಿನ್ನ,” ಎಂದಿದ್ದರು. ಬೈಗುಳವೇನಲ್ಲ. ಆದರೆ ಅಂದಿನಿಂದ ಸುಶೀಲವ್ವ ಮನೆಯ ಯಾವ ವಸ್ತುವನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. ಟಿವಿಯ ರಿಮೋಟನ್ನೂ “ಒತ್ಲೇನ?” ಎಂದು ಕೇಳಿಯೇ ಒತ್ತುವಳು. ಅಡುಗೆಮನೆಯೊಂದರಲ್ಲಿ ಮಾತ್ರ ಅವಳ ಕೈ ಯಾರನ್ನೂ ಕೇಳುತ್ತಿರಲಿಲ್ಲ.

ಬನಶ್ರೀ ಮೊದಲ ಡಬ್ಬಿಗೆ ವೈರು ಜೋಡಿಸಿದಾಗ ಅದರ ಮೈಮೇಲೆ ಕಿತ್ತಳೆ ಬಣ್ಣದ ದೀಪ ಹತ್ತಿತು. ಹತ್ತಿದ್ದು ಹಾಗೇ ನಿಂತಿತು. ವೈಫೈ ಬರಲಿಲ್ಲ. ಇನ್ನೊಂದನ್ನು ಹಚ್ಚಿದಳು, ಅದೂ ಅಷ್ಟೇ. ಹೋಟೆಲಿನವರಿಗೆ ಫೋನ್ ಮಾಡಿದಾಗ ಅಲ್ಲಿಯ ಹುಡುಗ ವಿಷಯ ಹೇಳಿದ. ಇವು ದೊಡ್ಡ ದೊಡ್ಡ ಆಫೀಸುಗಳಿಗೆ ಮಾಡಿದ ಡಬ್ಬಿಗಳು. ತಯಾರಿಸಿದ ಕಂಪನಿಗೆ ವರ್ಷವರ್ಷವೂ ಲೈಸೆನ್ಸಿನ ದುಡ್ಡು ಕಟ್ಟಿದರೆ ಮಾತ್ರ ಮಾತಾಡುತ್ತವೆ. ಕಟ್ಟದಿದ್ದರೆ ಸುಮ್ಮನೆ ಕೂಡುತ್ತವೆ.

ಕಳಕಪ್ಪ ನಕ್ಕರು. “ದಾನಾ ಕೊಟ್ಟ ಆಕಳ ಹಲ್ಲ ಎಣಿಸಬಾರದಂತಾರ. ಖರೆ. ಆದ್ರ ಈ ಆಕಳಿಗೆ ಬಾಯೇ ಇಲ್ಲಲ್ಲ!”

ಬನಶ್ರೀ ಕೈಬಿಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಸಂಘದ ನೆಟ್ ಹಿಡಿದು ಹುಡುಕುತ್ತ ಕೂತವಳಿಗೆ ಇಂಥ ಡಬ್ಬಿಗಳನ್ನೇ ಬದುಕಿಸಿಕೊಳ್ಳುವ ಜನರ ಒಂದು ಜಾಲತಾಣ ಸಿಕ್ಕಿತು. ಡಬ್ಬಿಯೊಳಗೆ ಅದನ್ನು ನಡೆಸುವ ಒಂದು ತಂತ್ರಾಂಶ ಇರುತ್ತದೆ, ಫರ್ಮ್‌ವೇರ್ ಎನ್ನುತ್ತಾರೆ. ಲೈಸೆನ್ಸ್ ಕೇಳುವುದು ಕಬ್ಬಿಣವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಆ ತಂತ್ರಾಂಶ. ಅದನ್ನು ಅಳಿಸಿ, ಬೇರೆ ಬೇರೆ ದೇಶದ ಜನ ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಓಪನ್ ಸೋರ್ಸ್ ಫರ್ಮ್‌ವೇರನ್ನು ಹಾಕಬಹುದು. ಆಮೇಲೆ ಡಬ್ಬಿ ಯಾರ ಅಪ್ಪಣೆಗೂ ಕಾಯುವುದಿಲ್ಲ. ತನ್ನ ಕೈಯಲ್ಲಿದ್ದ ಮಾದರಿಯ ಹೆಸರು ಆ ತಾಣದಲ್ಲಿ ಕಂಡಾಗ ಬನಶ್ರೀಗೆ ಸಂತೆಯಲ್ಲಿ ತವರೂರಿನವರು ಸಿಕ್ಕಷ್ಟು ಖುಷಿಯಾಯಿತು.

ಅಲ್ಲಿ ಬರೆದ ಪ್ರಕಾರ ಒಂದೊಂದೇ ಹೆಜ್ಜೆ ಇಟ್ಟಳು. ಹೊಸ ಫೈಲನ್ನು ಡಬ್ಬಿಗೆ ಕಳಿಸುವುದು. ಅದು ತನ್ನ ಹೊಟ್ಟೆಯೊಳಗಿನದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುವುದು. ಆ ಹೊತ್ತಿನಲ್ಲಿ ಕೆಂಪು ದೀಪ ಮಿಣುಕುತ್ತಿರುತ್ತದೆ. ಏನೇ ಆದರೂ ಆಗ ಕರೆಂಟು ತಪ್ಪಬಾರದು. ಮೊದಲ ಡಬ್ಬಿಯ ಕೆಂಪು ದೀಪ ಮಿಣುಕಿ ಮಿಣುಕಿ ಆರಿತು. ಮತ್ತೆ ಹಸಿರಾಗಿ ಹತ್ತಿತು. ಫೋನಿನಲ್ಲಿ ನೋಡಿದರೆ ಅವಳೇ ಕೊಟ್ಟ ಹೆಸರು, ‘ನೇಕಾರ ಓಣಿ’, ಕಾಣುತ್ತಿತ್ತು.

ಮರುದಿನ ಮಧ್ಯಾಹ್ನ ಎರಡನೆಯದನ್ನು ಹಿಡಿದಳು. ಮನೆಯಲ್ಲಿ ಗಟ್ಟಿಯಾಗಿ ಕೂಡುವ ಪ್ಲಗ್ ಪಾಯಿಂಟ್ ಒಂದೇ, ಅಡುಗೆಮನೆಯ ಬಾಗಿಲ ಪಕ್ಕದ್ದು. ಡಬ್ಬಿಯ ಪ್ಲಗ್ಗನ್ನು ಅಲ್ಲೇ ಹಾಕಿದ್ದಳು. ಫೈಲು ಹೋಯಿತು, ಕೆಂಪು ದೀಪ ಮಿಣುಕಲು ಶುರುವಾಯಿತು. ಅಷ್ಟರಲ್ಲಿ ಹೊರಗಿನಿಂದ ಅಜ್ಜಪ್ಪನವರ ದನಿ.

“ಬನಶ್ರೀ, ಒಂದಿಷ್ಟ ಬಾರವಾ. ಇಳಕಲ್ಲಿಂದ ಗಿರಾಕಿ ಬಂದಾರ.”

ಅವಳು ಎದ್ದು ಹೋದಳು. ಎರಡು ಮಾತಾಡಿ ತಿರುಗಿ ಬರುವಷ್ಟರಲ್ಲಿ ಮನೆ ತುಂಬ ಬಳ್ಳೊಳ್ಳಿ, ಒಣಮೆಣಸಿನಕಾಯಿಯ ವಾಸನೆ. ಮಿಕ್ಸರ್ ಅಡುಗೆಮನೆಯ ಹೊಸ್ತಿಲ ಮೇಲಿತ್ತು, ಅದರ ಮುಚ್ಚಳ ಇನ್ನೂ ತೆರೆದಿತ್ತು. ಡಬ್ಬಿಯ ಪ್ಲಗ್ಗು ತನ್ನ ಜಾಗದಲ್ಲೇ ಇತ್ತು, ಸ್ವಿಚ್ಚೂ ಹಾಕಿತ್ತು. ಆದರೆ ಉದ್ದ ಉಳಿದ ವೈರನ್ನು ಯಾರೋ ನೀಟಾಗಿ ಸುತ್ತಿ ಬದಿಗಿಟ್ಟಿದ್ದರು. ಡಬ್ಬಿಯ ಮೈಮೇಲೆ ದೀಪವಿರಲಿಲ್ಲ. ಕೆಂಪೂ ಇಲ್ಲ, ಹಸಿರೂ ಇಲ್ಲ. ಸ್ವಿಚ್ ತೆಗೆದಳು, ಹಾಕಿದಳು. ಏನೂ ಇಲ್ಲ.

“ಬನಶ್ರೀ, ಊಟಕ್ಕ ಬಾ,” ಒಳಗಿನಿಂದ ಸುಶೀಲವ್ವ ಕರೆದಳು. “ಬಳ್ಳೊಳ್ಳಿ ಚಟ್ನಿ ಮಾಡೀನಿ. ನಿನಗ ಸೇರತೈತಂತ.”

ಬನಶ್ರೀ ಸ್ವಲ್ಪ ಹೊತ್ತು ಆ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಕೂತಳು. ಆಮೇಲೆ ಎದ್ದು ಕೈ ತೊಳೆದು ಹೋಗಿ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ಉಂಡಳು. ಚಟ್ನಿ ಚೆನ್ನಾಗಿತ್ತು. ಅತ್ತೆಗೆ ಏನೂ ಹೇಳಲಿಲ್ಲ.

ಸಂಜೆ ಸಂಘಕ್ಕೆ ಹೋಗಿ ಅಜ್ಜಪ್ಪನವರಿಗೆ ಇಷ್ಟೇ ಹೇಳಿದಳು: “ಒಂದು ಕೆಟ್ಟಿತ್ರಿ ಕಾಕಾ. ಹೊಸಾದ್ದ ಬರಕೊಳ್ಳೂ ಮುಂದ ಕರೆಂಟ್ ತಪ್ಪಿಬಿಟ್ಟಿತು. ನಂದ ತಪ್ಪು.”

ಕಟ್ಟೆಯ ಮೇಲಿದ್ದವರೊಬ್ಬರು, “ದೊಡ್ಡ ಕಂಪನಿ ಸಾಮಾನಿಗೆ ನಮ್ಮಂಥವ್ರು ಕೈ ಹಾಕಿದ್ರ ಹಿಂಗ ಆಗೂದು,” ಎಂದರು. ಅಜ್ಜಪ್ಪ ಅವರನ್ನು ಸುಮ್ಮನಿರಿಸಿದರು. ಆದರೆ ಅವರಿಗೂ ಅಳುಕು ಹುಟ್ಟಿತ್ತು.

“ನೋಡವಾ, ಕೊಟ್ಟವ್ರು ಪ್ರೀತಿಲೆ ಕೊಟ್ಟಾರ. ಕೆಟ್ಟದ್ದಕ್ಕ ಜೀವಾ ಬರೂತನಕ ಉಳಿದದ್ದ ಮುಟ್ಟೂದು ಬ್ಯಾಡ,” ಎಂದು ಉಳಿದ ಆರು ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಬನಶ್ರೀ ಆ ತಾಣದಲ್ಲಿ ತನ್ನ ಸಂಕಟ ಬರೆದಳು. ಯಾವ ದೇಶದವರೋ ಒಬ್ಬರು ಉತ್ತರಿಸಿದರು: ಡಬ್ಬಿ ಪೂರ್ತಿ ಸತ್ತಿರಲಿಕ್ಕಿಲ್ಲ, ಅದನ್ನು ಎಬ್ಬಿಸುವ ಮೊದಲ ಚೂರು ತಂತ್ರಾಂಶ ಬೇರೆ ಕಡೆ ಇರುತ್ತದೆ, ಅದು ಉಳಿದಿದ್ದರೆ ಸಾಕು. ಬಿಚ್ಚಿ ನೋಡಿ, ಒಳಗಿನ ಬೋರ್ಡಿನಲ್ಲಿ ನಾಲ್ಕು ಸಣ್ಣ ತೂತುಗಳಿವೆ. ಅವಕ್ಕೆ ಪಿನ್ನು ಬೆಸೆದು ಕಂಪ್ಯೂಟರಿಗೆ ಜೋಡಿಸಿದರೆ ಡಬ್ಬಿಯೊಡನೆ ನೇರವಾಗಿ ಮಾತಾಡಬಹುದು.

ಬಿಚ್ಚಿ ನೋಡಿದಳು. ತೂತುಗಳು ಸಾಸಿವೆಗಿಂತ ಸಣ್ಣವು. ಸೋಲ್ಡರ್ ಕರಗಿಸಿ ಬೆಸೆಯುವ ಕಡ್ಡಿಯನ್ನು ಅವಳು ಕೊನೆಯ ಸಲ ಹಿಡಿದದ್ದು ಕಾಲೇಜಿನಲ್ಲಿ. ಇನ್ನೊಂದು ತಪ್ಪು ಮಾಡಲು ಧೈರ್ಯ ಬರಲಿಲ್ಲ.

“ರೋಣದಾಗ ನಾಜಮೀನ ಅಂತ ಅದಾಳ,” ಸುದೀಪ ಹೇಳಿದ. “ಬಸ್‌ಸ್ಟ್ಯಾಂಡ್ ಬಾಜೂಕ ಮೊಬೈಲ್ ರಿಪೇರಿ ಅಂಗಡಿ. ಮೂರು ಮಂದಿ ಆಗಂಗಿಲ್ಲ ಅಂದ ನನ್ನ ಫೋನ್ ಆಕೀನ ಮಾಡಿಕೊಟ್ಟಾಕಿ.”

ಸುಶೀಲವ್ವನಿಗೂ ರೋಣದ ದವಾಖಾನೆಯಲ್ಲಿ ಕಣ್ಣು ತೋರಿಸುವುದಿತ್ತು. ಅತ್ತೆ ಸೊಸೆ ಇಬ್ಬರೂ ಬೆಳಗಿನ ಬಸ್ಸಿಗೆ ಹೊರಟರು. ಡಬ್ಬಿಯನ್ನು ಸುಶೀಲವ್ವ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಹಿಡಿಯುವಳು. ಪಕ್ಕದಲ್ಲಿ ಕೂತ ಲಕ್ಕಲಕಟ್ಟಿಯ ಹೆಂಗಸು, “ಏನ್ರಿ ಅದು, ದೇವ್ರ ಮೂರ್ತಿ ಏನು?” ಎಂದು ಕೇಳಿದಳು.

“ಅಲ್ಲರಿ. ನೆಟ್ಟಿನ ಡಬ್ಬಿ. ಕೆಟ್ಟೈತಿ, ತೋರಸಾಕ ಹೊಂಟೀವಿ,” ಎಂದು ಸುಶೀಲವ್ವ ಮಗುವಿಗೆ ಜ್ವರ ಬಂದಿದೆ ಎನ್ನುವ ದನಿಯಲ್ಲಿ ಹೇಳಿದಳು. ಹೊರಗೆ ಎರೆಹೊಲದಲ್ಲಿ ಕಡಲೆ ಗೇಣುದ್ದ ಬೆಳೆದು ನಿಂತಿತ್ತು.

ನಾಜಮೀನಳ ಅಂಗಡಿ ಒಂದು ಮಂಚದಷ್ಟು ಅಗಲ. ಮೇಲೆ ‘ರೇಡಿಯೊ ರಿಪೇರಿ’ ಎಂಬ ಹಳೆಯ ಬೋರ್ಡು ಹಾಗೇ ಇತ್ತು. ಅವಳ ತಂದೆಯ ಕಾಲದ್ದು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ತಲೆಯ ಮೇಲೆ ದುಪಟ್ಟಾ, ಹಣೆಗೆ ಕಟ್ಟಿಕೊಂಡ ಭೂತಗನ್ನಡಿ. ಒಳಗೆ ಸ್ಟೂಲಿನ ಮೇಲೆ ಅವಳ ತಾಯಿ ಹಸನಬಿ ಅಡಿಕೆ ಕತ್ತರಿಸುತ್ತ ಕೂತಿದ್ದರು.

“ಬರ್ರಿ ಅಕ್ಕಾರ, ಒಳಗ ಬರ್ರಿ. ಬಿಸಲಾಗ ಯಾಕ ನಿಂತ್ರಿ?” ಎಂದು ಹಸನಬಿ ಸುಶೀಲವ್ವನಿಗೆ ತಾವು ಕೂತಿದ್ದ ಸ್ಟೂಲನ್ನೇ ಬಿಟ್ಟುಕೊಟ್ಟು ಚಹಾಕ್ಕೆ ಹೇಳಿದರು.

ಬನಶ್ರೀ ವಿಷಯ ಹೇಳಿದಳು. ನಾಜಮೀನ ಡಬ್ಬಿಯನ್ನು ಹೊರಳಿಸಿ ನೋಡಿದಳು.

“ಇಂಥಾದ್ದ ನಾ ಎಂದೂ ಬಿಚ್ಚಿಲ್ಲರಿ ಅಕ್ಕಾರ. ಪಿನ್ನ ಬೆಸಿಯೂದು ನಾ ಮಾಡ್ತೀನಿ. ಅದರ ಕೂಡ ಮಾತಾಡೂದು ನೀವ ಮಾಡಬೇಕು.”

“ಅಷ್ಟಾದ್ರ ಸಾಕು. ಮುಂದಿಂದು ನೋಡೂಣು.”

ನಾಜಮೀನ ಕನ್ನಡಿ ಕೆಳಗಿಳಿಸಿದಳು. ಬೆಸೆಯುವ ಕಡ್ಡಿಯ ತುದಿಯಿಂದ ದಾರದಂಥ ಹೊಗೆ ಎದ್ದಿತು. ಅವಳ ಕೈ ಅಲುಗುತ್ತಲೇ ಇರಲಿಲ್ಲ. ಹಿಂದೆ ಹಸನಬಿ ಸುಶೀಲವ್ವನ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದರು.

“ಮನ್ಯಾಗ ನೇಯ್ದದ್ದೇನ್ರಿ?”

“ಹೌದ್ರಿ. ನಾನ ನೇಯ್ದದ್ದು. ಭಾಳ ವರ್ಷಾತು.”

“ದಡಿ ಹೆಂಗ ಕುಂತೈತಿ ನೋಡ್ರಿ! ಎರಡೂ ಕಡೆ ಒಂದ ನಮೂನಿ.”

ನಾಜಮೀನ ಕೈಕೆಲಸ ನಿಲ್ಲಿಸದೆ ಕೇಳಿದಳು. “ಹೆಂಗ ಕೆಟ್ಟಿತ್ರಿ ಇದು? ಹೊಸಾದ್ದ ಬರಿಯೂ ಮುಂದ ಕರೆಂಟ್ ಹೋತೇನು?”

“ಹೌದು. ಕರೆಂಟ್ ಹೋತು,” ಎಂದಳು ಬನಶ್ರೀ.

“ಯಾವಾಗ?”

“ಮಂಗಳವಾರ ಮಧ್ಯಾಹ್ನ. ಊಟದ ಹೊತ್ತಿಗೆ.”

ಸುಶೀಲವ್ವ ಹಸನಬಿಗೆ ಏನೋ ಹೇಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ಹಸನಬಿ ಎರಡು ಸಲ ಕೇಳಿದ ಮೇಲೆ ಮತ್ತೆ ಮಾತು ಮುಂದುವರಿಸಿದಳು. ಆದರೆ ಕಣ್ಣು ಸೊಸೆಯ ಬೆನ್ನ ಮೇಲಿತ್ತು.

ಪಿನ್ನು ಕೂತಿತು. ನಾಜಮೀನಳ ಡ್ರಾಯರಿನಲ್ಲಿ ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಸಣ್ಣ ಅಡಾಪ್ಟರ್ ಇತ್ತು. ಬನಶ್ರೀ ಲ್ಯಾಪ್‌ಟಾಪಿಗೆ ಹಚ್ಚಿ, ಡಬ್ಬಿಗೆ ಕರೆಂಟು ಕೊಟ್ಟಳು. ತೆರೆಯ ಮೇಲೆ ಅಕ್ಷರಗಳು ಸುರಿದವು. ಚೌಕ, ಪ್ರಶ್ನೆಚಿಹ್ನೆ, ಮುರಿದ ಗೆರೆ. ಒಂದಕ್ಕೂ ಅರ್ಥವಿಲ್ಲ.

“ಹುಚ್ಚ ಹಿಡದೈತಿ,” ಎಂದಳು ನಾಜಮೀನ.

“ಇಲ್ಲ. ಮಾತಾಡಾಕ ಹತ್ತೈತಲ್ಲ, ಅದ ದೊಡ್ಡದು. ಅದು ಸಾವಕಾಶ ಹೇಳ್ತೈತಿ, ನಾವು ಲಗೂ ಕೇಳಾಕ ಹತ್ತೀವಿ.” ಬನಶ್ರೀ ವೇಗದ ಸಂಖ್ಯೆ ತಗ್ಗಿಸಿ ಮತ್ತೆ ಸ್ವಿಚ್ ಹಾಕಿದಳು. ಈ ಸಲ ಅಕ್ಷರಗಳು ಒಂದೊಂದಾಗಿ, ಓದುವಂತೆ, ಸಾಲುಗಟ್ಟಿ ಬಂದವು. ಡಬ್ಬಿ ತನ್ನ ಹೆಸರು ಹೇಳಿತು. ತನ್ನ ಹೊಟ್ಟೆಯಲ್ಲಿ ಏನೂ ಸಿಗುತ್ತಿಲ್ಲವೆಂದೂ ಹೇಳಿತು. ಅದು ಏಳುವ ಹೊತ್ತಿಗೆ ಸರಿಯಾಗಿ ಕೀಬೋರ್ಡಿನ ಒಂದು ಗುಂಡಿ ಒತ್ತಿ ಅದನ್ನು ತಡೆಯಬೇಕಿತ್ತು. ಬನಶ್ರೀ ಒತ್ತಿದ್ದು ತಡವಾಯಿತು. ಮತ್ತೊಮ್ಮೆ, ಮತ್ತೂ ತಡ.

“ನೀವು ಗುಂಡಿ ಮ್ಯಾಲ ಬೆರಳ ಇಡ್ರಿ. ಸ್ವಿಚ್ ನಾ ಹಾಕ್ತೀನಿ,” ಎಂದಳು ನಾಜಮೀನ. “ಹೂಂ ಅಂದಕೂಡ್ಲೆ ಒತ್ರಿ. ಹೂಂ!”

ನಿಂತಿತು. ತೆರೆಯ ಮೇಲೆ ಒಂದು ಚಿಕ್ಕ ಬಾಣದ ಗುರುತು ಮಿಣುಕುತ್ತ, ಮುಂದೇನು ಎಂದು ಕಾಯುತ್ತಿತ್ತು. ಬನಶ್ರೀ ಕೇಬಲ್ಲಿನ ಮೂಲಕ ಹೊಸ ಫೈಲನ್ನು ಕಳಿಸಿದಳು. ಡಬ್ಬಿ ಒಪ್ಪಿಕೊಂಡಿತು. ಕೆಂಪು ದೀಪ ಮಿಣುಕತೊಡಗಿತು. ಹಸನಬಿಯ ಅಡಕತ್ತರಿ ನಿಂತಿತು. ನಾಜಮೀನ ಒಂದು ಕೈಯನ್ನು ಪ್ಲಗ್ಗಿನ ಮೇಲೆ ಒತ್ತಿ ಹಿಡಿದಿದ್ದಳು. ದೀಪ ಹಸಿರಾಯಿತು.

“ಅಲ್ಲಾ!” ಎಂದರು ಹಸನಬಿ. “ಮುಗದಂಗಾತೇನವಾ?”

“ಮುಗೀತ್ರಿ ಅಮ್ಮಾ,” ಎಂದು ಬನಶ್ರೀ ನಕ್ಕಳು. ನಾಜಮೀನ ಕನ್ನಡಿ ಮೇಲೆತ್ತಿ ಅವಳನ್ನು ನೋಡಿದಳು. ಹಣೆಯ ಮೇಲೆ ಪಟ್ಟಿಯ ಗುರುತು ಬಿದ್ದಿತ್ತು. “ನಿಮ್ಮ ನಂಬರ್ ಕೊಡ್ರಿ ಅಕ್ಕಾರ. ಇದನ್ನ ನನಗೂ ಕಲಸ್ರಿ,” ಎಂದಳು.

ದವಾಖಾನೆಯಲ್ಲಿ ಕಣ್ಣು ತೋರಿಸಿ ತಿರುಗಿ ಬರುವಾಗ ಬಸ್ಸಿನಲ್ಲಿ ಸುಶೀಲವ್ವ ಕಿಟಕಿಯ ಬದಿಯನ್ನು ಸೊಸೆಗೆ ಬಿಟ್ಟು ಕೂತಳು. ಡಬ್ಬಿ ಅವಳ ತೊಡೆಯ ಮೇಲೇ ಇತ್ತು.

“ಬನಶ್ರೀ.”

“ಹೂಂ ಅತ್ತಿ.”

“ಮಂಗಳವಾರ ಕರೆಂಟ್ ಹೋಗಿದ್ದಿಲ್ಲ. ಫ್ಯಾನ್ ತಿರಗಾಕ ಹತ್ತಿತ್ತು. ನಾ ಮಿಕ್ಸರ್ ಹಚ್ಚಿದ್ನೆಲ್ಲ.”

ಬನಶ್ರೀ ಕಿಟಕಿಯ ಕಡೆ ನೋಡಿದಳು.

“ಆ ಪ್ಲಗ್ ತಗದಾಕಿ ನಾನ. ಚಟ್ನಿ ಆದಕೂಡ್ಲೆ ತಿರುಗಿ ಹಾಕಿದೆ. ಹಾಕಿದ್ರ ಸರಿಹೋಗತೈತಿ ಅನ್ಕೊಂಡೆ. ನೀ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಮಿಕ್ಸರ್ ಮುಟ್ಟೂದನ್ನೂ ಬಿಡ್ತಿದ್ರಿ ಅತ್ತಿ.”

ಸುಶೀಲವ್ವ ಇದನ್ನು ಯೋಚಿಸಿದಳು.

“ಬಿಡ್ತಿದ್ನೇನೋ,” ಎಂದಳು ಕೊನೆಗೆ. “ಆದ್ರೂ ಹೇಳಬೇಕಿತ್ತವಾ. ಗೊತ್ತಾದ್ರ ಇನ್ನೊಮ್ಮೆ ಮಾಡಂಗಿಲ್ಲ. ಗೊತ್ತ ಆಗದಿದ್ರ ನಾಳೆ ಮತ್ತ ಅದನ್ನ ತಗದು ಮಿಕ್ಸರ್ ಹಚ್ಚಾಕಿನ ನಾ. ನೀವೆಲ್ಲಾರು ನನ್ನ ಮುಂದ ಏನೂ ಹೇಳೂದ ಬಿಟ್ಟೀರಿ. ಹಂಗಾಗಿ ನನಗ ಏನೂ ಗೊತ್ತಾಗವಲ್ದು.”

ತಾನು ಅತ್ತೆಯ ಮನಸ್ಸು ಕಾಯುತ್ತಿದ್ದೇನೆ ಎಂದೇ ಬನಶ್ರೀ ಅಷ್ಟು ದಿನ ತಿಳಿದಿದ್ದಳು. ಹಾಗೆ ಕಾಯುತ್ತ ಕಾಯುತ್ತ ಅವಳನ್ನು ಮನೆಯ ವ್ಯವಹಾರದಿಂದಲೇ ಹೊರಗಿಟ್ಟಂತಾಗಿದೆ ಎಂದು ಹೊಳೆದಿರಲಿಲ್ಲ. “ತಪ್ಪಾತ್ರಿ ಅತ್ತಿ,” ಎಂದಳು. ಸುಶೀಲವ್ವ ಅವಳ ಮೊಣಕೈ ಮುಟ್ಟಿ, “ಇರ್ಲಿ ಬಿಡು. ಚಟ್ನಿ ಮಾತ್ರ ಚಲೋ ಆಗಿತ್ತ ಹೌದಲ್ಲೋ?” ಎಂದಳು. ಇಬ್ಬರೂ ನಕ್ಕರು.

ಬಸ್ಸಿಳಿದು ಓಣಿಗೆ ಬಂದ ಮೇಲೆ ಸುಶೀಲವ್ವ ಮನೆಯ ಕಡೆ ಹೊರಳಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು ನೇರ ಸಂಘದ ಕಟ್ಟೆಗೆ ನಡೆದಳು. ಚಹಾದ ಹೊತ್ತು. ಅಜ್ಜಪ್ಪ ಇದ್ದರು, ನಾಲ್ಕಾರು ಗಂಡಸರಿದ್ದರು, ಮೂಲೆಯಲ್ಲಿ ಕಳಕಪ್ಪನೂ ಇದ್ದರು. ಸುಶೀಲವ್ವ ಮೆಟ್ಟಿಲ ಬಳಿ ನಿಂತು ಸೆರಗು ಸರಿಮಾಡಿಕೊಂಡಳು.

“ಅಜ್ಜಪ್ಪಣ್ಣಾರ, ಇದನ್ನ ಕೆಡಿಸಿದಾಕಿ ನಮ್ಮ ಸೊಸಿ ಅಲ್ಲ. ನಾನು. ಗೊತ್ತಿಲ್ದ ಪ್ಲಗ್ ತಗದು ಮಿಕ್ಸರ್ ಹಚ್ಚಿದ್ದೆ. ಈಗ ರಿಪೇರಿ ಆಗಿ ಬಂದೈತಿ. ಉಳಿದದ್ದ ಆಕಿ ಕೈಯಾಗ ಕೊಡ್ರಿ.”

ಕಳಕಪ್ಪ ಪರಿಸ್ಥಿತಿಯನ್ನು ಹಗುರ ಮಾಡಲು ನಕ್ಕು, “ಮಗ್ಗಾ ಬಿಟ್ಟಾಕಿ ಮಷೀನ್ ಕೆಡಸಾಕ ಹೊಂಟ್ಯಾ?” ಎಂದರು.

“ಮಗ್ಗಾ ನಾ ಬಿಟ್ಟಿಲ್ಲ,” ಎಂದಳು ಸುಶೀಲವ್ವ. ದನಿ ಏರಿರಲಿಲ್ಲ. “ನೀವು ಬಿಡಿಸೀರಿ.”

ಕಳಕಪ್ಪ ಕೈಯಲ್ಲಿದ್ದ ಚಹಾದ ಬಸಿಯನ್ನು ನೋಡುತ್ತ ಕೂತರು. ಅಜ್ಜಪ್ಪ ಎದ್ದು ಹೋಗಿ ಕಪಾಟಿನ ಬೀಗ ತೆಗೆದರು.

ಉಳಿದ ಡಬ್ಬಿಗಳಿಗೆ ಹೊಸ ಫರ್ಮ್‌ವೇರ್ ಹಾಕುವಾಗ ಬನಶ್ರೀ ಪ್ರತಿ ಹೆಜ್ಜೆಯನ್ನೂ ಅತ್ತೆಗೆ ಹೇಳಿದಳು. ಈಗ ಹಳೆಯದನ್ನು ಅಳಿಸುತ್ತಿದೆ, ಈಗ ಹೊಸದನ್ನು ಬರೆದುಕೊಳ್ಳುತ್ತಿದೆ, ಈಗ ತಾನೇ ಆರಿ ತಾನೇ ಏಳುತ್ತದೆ. ಸುಶೀಲವ್ವ ಪ್ಲಗ್ಗಿನ ಕೆಳಗೆ ಮಣೆ ಹಾಕಿಕೊಂಡು ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಸುದೀಪ ಫೋನ್ ಚಾರ್ಜ್ ಮಾಡಲೆಂದು ಬಂದರೆ, “ಕೆಂಪ ದೀಪ ಕಾಣವಲ್ದೇನ? ಆಮ್ಯಾಲ ಬಾ,” ಎಂದು ಕಳಿಸಿಬಿಡುವಳು. ಒಂದೂ ಕೆಡಲಿಲ್ಲ.

ಸುದೀಪ ಏಣಿ ಹಾಕಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಡಬ್ಬಿಗಳನ್ನು ಕೂರಿಸಿದ. ಒಂದೇ ಕೇಬಲ್ಲಿನಲ್ಲಿ ಕರೆಂಟೂ ಹೋಗುತ್ತಿತ್ತು, ನೆಟ್ಟೂ ಹೋಗುತ್ತಿತ್ತು. ಕೇಬಲ್ ಎಳೆಯಲಾಗದ ಎರಡು ಮನೆಗಳಿಗೆ, ಡಬ್ಬಿಗಳೇ ಒಂದರಿಂದೊಂದು ಗಾಳಿಯಲ್ಲಿ ನೆಟ್ ತೆಗೆದುಕೊಳ್ಳುವಂತೆ ಬನಶ್ರೀ ಹೊಂದಿಸಿದಳು. ಹೊಸ ಫರ್ಮ್‌ವೇರಿನಲ್ಲಿ ಅದಕ್ಕೂ ದಾರಿಯಿತ್ತು. ತುದಿಯ ಮನೆಯ ಸಣ್ಣವ್ವ ಮಗ್ಗದ ಕುಣಿಯಲ್ಲಿ ಕೂತೇ ತನ್ನ ತಂಗಿಗೆ ವಿಡಿಯೊ ಕಾಲ್ ಮಾಡಿ, ಮಾತೇನೂ ಇಲ್ಲದೆ ಸುಮ್ಮನೆ ನಗುತ್ತ ಕೂತಳು.

ಹುಬ್ಬಳ್ಳಿಯವರು ಫೋನ್ ಮಾಡಿದ ದಿನ ಬನಶ್ರೀ ಸಂಘದ ಕೆಲಸಕ್ಕೆ ಹೋಗಿದ್ದಳು. ಫೋನು ಮನೆಯಲ್ಲೇ ಇತ್ತು. ಸುಶೀಲವ್ವ ಯಾರನ್ನೂ ಕೇಳದೆ ಎತ್ತಿದಳು. ಒಳಕೋಣೆಗೆ ಹೋಗಿ, ಟ್ಯೂಬ್‌ಲೈಟಿನ ಕೆಳಗೆ ಸೀರೆ ಹರಡಿ, ಅಂಚಿನ ಮೇಲೆ ಬೆರಳಾಡಿಸುತ್ತ ಹೇಳಿದಳು. “ಇದು ನೋಡ್ರಿ ಬಾಯಾರ, ಮೈ ಬದನೀಕಾಯಿ ಬಣ್ಣ. ಫೋನಿನ್ಯಾಗ ಕರೀದ ಕಾಣಬಹುದು, ಖರೇ ಅಂದ್ರ ಅಷ್ಟ ಕರೀದಲ್ಲ. ಎರಡ ನೀರು ಬಿದ್ದಮ್ಯಾಲ ಭಾಳ ಮೆತ್ತಗ ಆಗತೈತಿ.” ಗಿರಾಕಿ ಅರ್ಧ ಗಂಟೆ ಮಾತಾಡಿದರು. ಮಗ್ಗವನ್ನೂ ತೋರಿಸಿ ಎಂದರು. ಸುಶೀಲವ್ವ ಫೋನನ್ನು ಕಳಕಪ್ಪನತ್ತ ಹಿಡಿದಳು. ಅವರು ಲಾಳಿ ಎಸೆಯುವುದನ್ನು ನಿಲ್ಲಿಸದೆ, “ನನ್ನ ಮಾರಿ ಬ್ಯಾಡ. ಕೈ ಅಷ್ಟ ತೋರ್ಸು,” ಎಂದು ಗೊಣಗಿದರು.

ಕಟ್ಟೆಯ ಮೇಲಾಡಿದ ಮಾತಿನ ಬಗ್ಗೆ ಅತ್ತೆ ಮಾವ ಮನೆಯಲ್ಲಿ ಏನು ಮಾತಾಡಿಕೊಂಡರೋ ಬನಶ್ರೀಗೆ ಗೊತ್ತಾಗಲಿಲ್ಲ. ಮಾತಾಡಿಕೊಳ್ಳಲಿಲ್ಲವೋ ಏನೋ. ಆದರೆ ಅಮಾವಾಸ್ಯೆ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ಕಸ ಗುಡಿಸಲು ಹೋದಾಗ ಮೂರನೆಯ ಮಗ್ಗದ ಮೇಲಿನ ಗಂಟುಮೂಟೆಗಳೆಲ್ಲ ಕೆಳಗಿಳಿದಿದ್ದವು. ಕಳಕಪ್ಪ ಕುಣಿಯ ಧೂಳು ಒರೆಸಿ, ತಿಳಿಹಳದಿ ನೂಲಿನ ಹಾಸು ಕಟ್ಟುತ್ತಿದ್ದರು.

“ಸೀರಿ ಮೈ ಸಾದಾ ಐತಿ,” ಎಂದರು ಹೆಂಡತಿಗೆ, ಅವಳ ಮುಖ ನೋಡದೆ. “ಅದನ್ನ ನೀ ನೇಯಿ. ಸೆರಗಿನ ಹೊತ್ತಿಗೆ ನಾ ಬಂದು ಕುಂಡ್ರತೀನಿ.”

ಸುಶೀಲವ್ವ ಸೀರೆ ಎತ್ತಿ ಸಿಕ್ಕಿಸಿಕೊಂಡು ಕುಣಿಗೆ ಇಳಿದಳು.

ಚಳಿಗಾಲದ ಕೊನೆಗೆ ನಾಜಮೀನಳ ಫೋನ್ ಬಂತು. ಈ ನಡುವೆ ಅವರಿಬ್ಬರೂ ಆಗಾಗ ಮಾತಾಡುತ್ತಿದ್ದರು. ನಾಜಮೀನ ಹಳೆಯ ಡಬ್ಬಿಯೊಂದನ್ನು ಎಲ್ಲಿಂದಲೋ ತಂದು ಫರ್ಮ್‌ವೇರ್ ಹಾಕುವುದನ್ನು ಪೂರ್ತಿ ಕಲಿತಿದ್ದಳು.

“ಅಕ್ಕಾರ, ನರಗುಂದದಾಗ ಒಂದು ಮಂಗಲ ಕಾರ್ಯಾಲಯ ಐತಿ. ಅವ ಡಬ್ಬಿ, ಅದ ಕಿತ್ತಳಿ ದೀಪ. ಲೈಸೆನ್ಸ್ ಮುಗದು ಎಲ್ಲಾ ಮಲಗ್ಯಾವಂತ. ಬರ್ತೀರೇನು? ನನಗೊಬ್ಬಾಕಿಗೆ ಹೋಗಾಕ ಧೈರ್ಯ ಸಾಲವಲ್ದು.”

ಬನಶ್ರೀ ಹೋದಳು. ಇಬ್ಬರೂ ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಸೇರಿ, ಗುಡ್ಡದ ಬುಡದ ರಸ್ತೆ ಹಿಡಿದು ನಡೆದರು. ಕಾರ್ಯಾಲಯ ನೋಡಿಕೊಳ್ಳುತ್ತಿದ್ದ ಮುತ್ತಣ್ಣ ಕಾಳುಕಡಿಯ ವ್ಯಾಪಾರಸ್ಥರ ಮನೆಯವರು, ದಪ್ಪ ಮೀಸೆಯ ಮೆತ್ತನೆಯ ಮನುಷ್ಯ. ಇವರ ಕೈಯಲ್ಲಿದ್ದ ಲ್ಯಾಪ್‌ಟಾಪನ್ನೂ ಟಿಫಿನ್ ಡಬ್ಬಿಯನ್ನೂ ನೋಡಿ, ಹಿಂದೆ ಗಂಡಸರು ಯಾರಾದರೂ ಬರುತ್ತಿದ್ದಾರೇನೋ ಎಂದು ಗೇಟಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಯಾರೂ ಬರಲಿಲ್ಲ.

“ನೀವು ಯಾವ ಕಂಪನಿಯವ್ರರಿ?” ಎಂದು ಕೇಳಿದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ.

“ಕಂಪನಿ ಇಲ್ರಿ,” ಎಂದಳು ನಾಜಮೀನ. “ಈಕಿ ಗಜೇಂದ್ರಗಡದಾಕಿ, ನಾ ರೋಣದಾಕಿ.”

“ಕೆಡೂದಿಲ್ಲ ಹೌದಲ್ರಿ?”

“ಕೆಡಬಹುದ್ರಿ,” ಎಂದಳು ಬನಶ್ರೀ. “ಕೆಟ್ರ ಹೆಂಗ ಕೆಟ್ಟಿತು ಅಂತ ಹೇಳ್ತೀವಿ. ಕುಂತು ಸರಿ ಮಾಡ್ತೀವಿ.”

ಮುತ್ತಣ್ಣ ಮೀಸೆಯ ಮೇಲೆ ಬೆರಳಾಡಿಸಿದರು. ಆಮೇಲೆ ಒಳಗೆ ಹೋಗಿ ತಾವೇ ಏಣಿ ಹೊತ್ತು ತಂದರು. ಖಾಲಿ ಸಭಾಂಗಣದಲ್ಲಿ ನಿನ್ನೆಯ ಮದುವೆಯ ಚೆಂಡುಹೂವಿನ ಎಸಳುಗಳು ಇನ್ನೂ ಬಿದ್ದಿದ್ದವು. ಬನಶ್ರೀ ಏಣಿಯ ಬುಡವನ್ನು ಗಟ್ಟಿಯಾಗಿ ಹಿಡಿದಳು. ನಾಜಮೀನ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಮೇಲೆ ಹತ್ತಿದಳು.